ತಾರೀಖು ಹೇಳದ ಹಿಮಾಲಯ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಒಂದು ಜಿಪಿಎಸ್ ನೆಲೆ ಇದೆ. ನೆಲದ ಸರಿದಾಟವನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಬಲ್ಲ, ಜಗತ್ತಿನಾದ್ಯಂತ ಹರಡಿರುವ ನೂರಾರು ನೆಲೆಗಳ ಜಾಲಕ್ಕೆ ಸೇರಿದ ಉಪಕರಣ ಅದು. ಅದರ ಪ್ರಕಾರ ಬೆಂಗಳೂರು ವರ್ಷಕ್ಕೆ ಸುಮಾರು 5 ಸೆಂ.ಮೀ.ನಂತೆ ಈಶಾನ್ಯ ದಿಕ್ಕಿಗೆ ಸಾಗುತ್ತಿದೆ. ಜೊತೆಗೆ ಕೊಡೈಕೆನಾಲ್, ಹೈದರಾಬಾದ್, ದೆಹಲಿ ಎಲ್ಲವೂ ಹೆಚ್ಚುಕಡಿಮೆ ಅದೇ ವೇಗದಲ್ಲಿ ಹೊರಟಿವೆ. ಹಾಗಾಗಿ ಬೆಂಗಳೂರಿಗೂ ದೆಹಲಿಗೂ ನಡುವಿನ ದೂರ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಲೆಕ್ಕ ಹೊಂದದೆ ಹೋಗುವುದು ಶಿವಾಲಿಕ್ ಬೆಟ್ಟಗಳನ್ನು ದಾಟಿದ ಮೇಲೆ. ಹಿಮಾಲಯದ ಆಚೆಗಿನ ದಕ್ಷಿಣ ಟಿಬೆಟ್ ಕೂಡ ಉತ್ತರದ ಕಡೆಗೇ ಸರಿಯುತ್ತಿದೆ, ಆದರೆ ನಮ್ಮಷ್ಟು ಬೇಗ ಸರಿಯುತ್ತಿಲ್ಲ. ವರ್ಷಕ್ಕೆ ಹತ್ತಿರಹತ್ತಿರ 2 ಸೆಂ.ಮೀ. ವ್ಯತ್ಯಾಸ ಬರುತ್ತದೆ. ಅಷ್ಟು ನೆಲ ಪ್ರತಿವರ್ಷ ಹಿಮಾಲಯದ ಅಗಲದೊಳಗೆ ಅಡಗಿಹೋಗುತ್ತಿದೆ.

ಈ 2 ಸೆಂ.ಮೀ. ಎಲ್ಲಿ ಸೇರಿಕೊಳ್ಳುತ್ತಿದೆ, ಹೊರಬಂದಾಗ ಏನಾಗುತ್ತದೆ ಎಂಬ ಪ್ರಶ್ನೆಗೆ ಭೂವಿಜ್ಞಾನಿಗಳ ಹತ್ತಿರ ಸಾಕಷ್ಟು ಖಚಿತವಾದ ಉತ್ತರವಿದೆ. ಯಾವತ್ತು ಹೊರಬರುತ್ತದೆ ಎಂಬುದಕ್ಕೆ ಇಲ್ಲ. ನಮ್ಮ ಸರ್ಕಾರಗಳೂ ಟಿ.ವಿ. ಚಾನೆಲ್‌ಗಳೂ ಕೇಳುವುದು ಎರಡನೆಯ ಪ್ರಶ್ನೆಯನ್ನು ಮಾತ್ರ. ಅದಕ್ಕೆ ಉತ್ತರ ಸಿಗದಿದ್ದಾಗ ಮೊದಲನೆಯದರ ಉತ್ತರವನ್ನೂ ಮೂಲೆಗೆ ಸರಿಸುವುದು ರೂಢಿಯಾಗಿಬಿಟ್ಟಿದೆ. ತಾರೀಖು ತಿಳಿಯದಿರುವುದು ಹಿಮಾಲಯದಲ್ಲಿ ಕಟ್ಟಿಸುವವರಿಗೂ ಪರವಾನಗಿ ಕೊಡುವವರಿಗೂ ಒಂದು ಅನುಕೂಲವಾಗಿದೆ ಎಂಬುದು ನನ್ನ ವಾದ.

ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕ ಏಷ್ಯಾಕ್ಕೆ ತಾಗಿತು, ನಡುವಿದ್ದ ಟೆಥಿಸ್ ಸಮುದ್ರ ಮುಚ್ಚಿಹೋಯಿತು ಎಂಬುದು ಹೈಸ್ಕೂಲು ಪುಸ್ತಕದಲ್ಲೇ ಇರುವ ಸಂಗತಿ. ಅಲ್ಲಿ ಅದನ್ನು ಮುಗಿದ ಕತೆಯಂತೆ ಹೇಳಿರುತ್ತಾರೆ. ತಳ್ಳಾಟ ಇನ್ನೂ ನಿಂತಿಲ್ಲ. ಭಾರತದ ಅಂಚು ಟಿಬೆಟ್ಟಿನ ಅಡಿಗೆ ನುಗ್ಗುತ್ತ ಹೋದಂತೆ ಅದರ ಮೇಲ್ಪದರಗಳು ಸುಲಿದು, ಒಂದರ ಮೇಲೊಂದು ಹತ್ತಿ ಕುಳಿತು ಬೆಟ್ಟಗಳಾದವು. ಹೀಗೆ ಹತ್ತುವಾಗ ಬಂಡೆಗಳು ಜಾರಿದ ಸೀಳುಗಳೇ ಸ್ತರಭಂಗಗಳು. ಮೊದಲು ಉತ್ತರದಲ್ಲಿ ಒಂದು ಸೀಳು ಹುಟ್ಟಿತು, ಅದು ದಣಿದ ಮೇಲೆ ಅದರ ದಕ್ಷಿಣಕ್ಕೆ ಇನ್ನೊಂದು, ಆಮೇಲೆ ಮತ್ತೊಂದು. ಹರಿದ್ವಾರದಿಂದ ಬದರಿಗೆ ಹೊರಟ ಬಸ್ಸು ಈ ಮೂರನ್ನೂ ಒಂದೇ ದಾರಿಯಲ್ಲಿ ದಾಟುತ್ತದೆ. ಹರಿದ್ವಾರದ ಹತ್ತಿರ ಬಯಲು ಮುಗಿದು ಶಿವಾಲಿಕ್ ಏಳುವಲ್ಲಿ ಇರುವುದು ಎಲ್ಲಕ್ಕಿಂತ ಎಳೆಯದಾದ ಫ್ರಂಟಲ್ ಥ್ರಸ್ಟ್. ಋಷಿಕೇಶದ ಆಸುಪಾಸಿನಲ್ಲಿ ಮೇನ್ ಬೌಂಡರಿ ಥ್ರಸ್ಟ್. ಜೋಶಿಮಠಕ್ಕೆ ಇನ್ನೇನು ಸ್ವಲ್ಪ ದೂರವಿದೆ ಎನ್ನುವಾಗ, ಹೇಲಂಗ್ ಬಳಿ, ಎಲ್ಲಕ್ಕಿಂತ ಹಳೆಯದಾದ ಮೇನ್ ಸೆಂಟ್ರಲ್ ಥ್ರಸ್ಟ್. ಅಲ್ಲಿಂದ ಮುಂದೆ ಕಣಿವೆ ಕಿರಿದಾಗುತ್ತದೆ, ಇಳಿಜಾರು ಕಡಿದಾಗುತ್ತದೆ, ರಸ್ತೆಯ ಪಕ್ಕದ ಬಂಡೆಯ ಬಣ್ಣವೂ ಬೇರೆಯಾಗುತ್ತದೆ. ಕರ್ನಾಟಕದ ವೀರಶೈವ ಪರಂಪರೆಯಿಂದ ಬಂದ ರಾವಲರು ನೋಡಿಕೊಳ್ಳುವ ಕೇದಾರನಾಥ ಇರುವುದೂ ಈ ಗೆರೆಯ ಆಚೆಗೇ. ಈ ಗೆರೆ ನಿಜವಾಗಿ ಎಲ್ಲಿ ಹಾದಿದೆ ಎಂಬ ಬಗ್ಗೆಯೇ ದಶಕಗಳ ಕಾಲ ಜಗಳವಿತ್ತು. ಆ ಜಗಳದಲ್ಲಿ ಮುಖ್ಯ ಪಕ್ಷದಾರರಾಗಿದ್ದ ಕುಮಾಂವಿನ ಕೆ.ಎಸ್. ವಾಲ್ದಿಯಾ ಆಮೇಲೆ ಬಹುಕಾಲ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದರು. ಕಾಲ್ನಡಿಗೆಯಲ್ಲೇ ಹಿಮಾಲಯದ ನಕ್ಷೆ ಬರೆದವರ ಪೀಳಿಗೆಯವರು.

ನೆಲದ ಮೇಲೆ ಬೇರೆಬೇರೆಯಾಗಿ ಕಾಣುವ ಈ ಮೂರೂ ಆಳದಲ್ಲಿ ಒಂದೇ ಬುಡಕ್ಕೆ ಹೋಗಿ ಕೂಡುತ್ತವೆ. ಉತ್ತರಕ್ಕೆ ತುಸುವೇ ವಾಲಿಕೊಂಡು ಬೆಟ್ಟದ ಕೆಳಗೆ ಇಳಿದುಹೋಗುವ ಆ ಬುಡಕ್ಕೆ ಮೇನ್ ಹಿಮಾಲಯನ್ ಥ್ರಸ್ಟ್ ಎಂಬ ಹೆಸರು. ಭಾರತ ಜಾರುತ್ತಿರುವುದು ಇದರ ಅಡಿಯಲ್ಲಿ. ಹಿಮಶಿಖರಗಳಿಂದ ಆಚೆಗೆ, ಆಳ ಹೆಚ್ಚಿದಲ್ಲಿ ಬಂಡೆ ಬಿಸಿಯಾಗಿ ಮೆದುವಾಗಿರುವುದರಿಂದ ಜಾರಾಟ ಸದ್ದಿಲ್ಲದೆ ನಡೆದುಕೊಂಡು ಹೋಗುತ್ತದೆ. ಶಿಖರಗಳಿಂದ ಈಚೆಗೆ, ಬಯಲಿನವರೆಗೆ, ಸುಮಾರು 100 ಕಿ.ಮೀ. ಅಗಲದ ಪಟ್ಟಿ ಮಾತ್ರ ಕಚ್ಚಿಕೊಂಡು ನಿಂತಿದೆ. ಭಾರವಾದ ಬೀರುವನ್ನು ಒಬ್ಬರೇ ತಳ್ಳುವಾಗ ಅದು ಅಲ್ಲಾಡುವುದೇ ಇಲ್ಲ, ತಳ್ಳುವವರ ರಟ್ಟೆಯಲ್ಲಿ ಬಿಗಿ ಏರುತ್ತಲೇ ಇರುತ್ತದೆ, ಆಮೇಲೆ ಒಮ್ಮೆಗೇ ಗಕ್ಕನೆ ಮುಂದಕ್ಕೆ ಜರುಗುತ್ತದೆ. ಹಿಮಾಲಯದ ದೊಡ್ಡ ಭೂಕಂಪವೂ ಹಾಗೆಯೇ. 2 ಸೆಂ.ಮೀ. ಎಂದರೆ ಏನೂ ಅಲ್ಲ ಅನ್ನಿಸಬಹುದು. ನೂರು ವರ್ಷಕ್ಕೆ ಅದು 2 ಮೀಟರ್. ಐನೂರು ವರ್ಷಕ್ಕೆ 10 ಮೀಟರ್. ನೂರಾರು ಕಿ.ಮೀ. ಉದ್ದದ ಪರ್ವತ ಒಂದೆರಡು ನಿಮಿಷದಲ್ಲಿ 10 ಮೀಟರ್ ದಕ್ಷಿಣಕ್ಕೆ ಜಿಗಿಯುವುದು ಎಂದರೆ ಏನೆಂದು ಊಹಿಸಿಕೊಂಡರೆ ಈ ಲೆಕ್ಕದ ಬಿಸಿ ತಾಗುತ್ತದೆ.

ಇಂಥ ಜಿಗಿತಗಳ ದಾಖಲೆ ಇದೆ. 1905ರ ಏಪ್ರಿಲ್ 4ರಂದು ಕಾಂಗ್ಡಾ: ಸುಮಾರು 20,000 ಸಾವು, ವಜ್ರೇಶ್ವರಿ ದೇವಸ್ಥಾನ ನೆಲಸಮ. 1934ರ ಜನವರಿ 15ರಂದು ಬಿಹಾರ–ನೇಪಾಳ. 1950ರ ಆಗಸ್ಟ್ 15ರಂದು, ದೇಶ ಸ್ವಾತಂತ್ರ್ಯದ ದಿನ ಆಚರಿಸುತ್ತಿದ್ದಾಗ, ಅಸ್ಸಾಂ–ಟಿಬೆಟ್ ಗಡಿಯಲ್ಲಿ 8.6 ತೀವ್ರತೆಯ ಭೂಕಂಪ. ಉಪಕರಣಗಳು ದಾಖಲಿಸಿದ ಭೂಕಂಪಗಳಲ್ಲಿ ನೆಲಭಾಗದ ಮೇಲಿನ ಅತಿ ದೊಡ್ಡದು ಅದೇ. ಬೆಟ್ಟಗಳು ಕುಸಿದು ಸುಬನ್‌ಸಿರಿ ನದಿಗೆ ಅಡ್ಡಗಟ್ಟೆಯಾಗಿ, ಆಮೇಲೆ ಆ ಕಟ್ಟೆ ಒಡೆದು ಕೆಳಗಿನ ಊರುಗಳು ಕೊಚ್ಚಿಹೋದವು. ಕೊನೆಗೆ 2015ರ ಏಪ್ರಿಲ್ 25ರ ನೇಪಾಳ. ಗೋರ್ಖಾ ಜಿಲ್ಲೆಯ ಬಾರ್‌ಪಾಕ್ ಊರಿನ ಹತ್ತಿರ ಶುರುವಾದ ಸೀಳು ಪೂರ್ವಕ್ಕೆ ಸುಮಾರು 140 ಕಿ.ಮೀ. ಓಡಿತು. ಕಠ್ಮಂಡು ಕಣಿವೆಯ ನೆಲ ಹತ್ತಿರಹತ್ತಿರ ಒಂದು ಮೀಟರ್ ಮೇಲೆದ್ದಿತು. ಸುಮಾರು 9,000 ಜನ ಸತ್ತರು.

ಈ ಪಟ್ಟಿಯನ್ನು ನಕ್ಷೆಯ ಮೇಲಿಟ್ಟು ನೋಡಿದರೆ ಕಣ್ಣಿಗೆ ಬೀಳುವುದು ಖಾಲಿ ಜಾಗ. ಕಾಂಗ್ಡಾದ ಪೂರ್ವಕ್ಕೆ, ನೇಪಾಳದ ಪೋಖರಾದ ಪಶ್ಚಿಮಕ್ಕೆ, 600 ಕಿ.ಮೀ.ಗೂ ಮಿಕ್ಕ ಉದ್ದಕ್ಕೆ, ಕಳೆದ ಇನ್ನೂರು ವರ್ಷಗಳಲ್ಲಿ ಒಂದೇ ಒಂದು ಮಹಾಭೂಕಂಪ ಆಗಿಲ್ಲ. ಡೆಹ್ರಾಡೂನ್, ಮಸ್ಸೂರಿ, ನೈನಿತಾಲ್, ಚಾರ್‌ಧಾಮಗಳು, ತೆಹ್ರಿ ಅಣೆಕಟ್ಟು ಎಲ್ಲ ಇರುವುದು ಇಲ್ಲಿ. 1803ರ ಸೆಪ್ಟೆಂಬರಿನಲ್ಲಿ ಗಢವಾಲವನ್ನು ಒಂದು ಭೂಕಂಪ ಹಾಳುಗೆಡವಿತ್ತು. ದೆಹಲಿಯ ಕುತುಬ್ ಮಿನಾರಿನ ತುದಿಯ ಗುಮ್ಮಟ ಬಿದ್ದದ್ದು ಆಗಲೇ. ಗಢವಾಲದ ಶ್ರೀನಗರದಲ್ಲಿದ್ದ ಅಲ್ಲಿಯ ಅರಸರ ರಾಜಧಾನಿ ಕುಸಿದು ಜನ ಕಂಗೆಟ್ಟಿದ್ದ ಹೊತ್ತಿನಲ್ಲೇ ಗೋರ್ಖಾ ಸೇನೆ ಬಂದು ರಾಜ್ಯವನ್ನು ನುಂಗಿತು. ಆದರೆ ಅಲ್ಲಿಯ ನೆಲದಡಿ ಕೂಡಿಬಿದ್ದಿದ್ದನ್ನೆಲ್ಲ ತೀರಿಸುವಷ್ಟು ದೊಡ್ಡದಾಗಿತ್ತೇ ಅದು? ಬಹುಮಂದಿ ವಿಜ್ಞಾನಿಗಳು ಇಲ್ಲ ಎನ್ನುತ್ತಾರೆ. ಅದಕ್ಕೂ ಹಿಂದೆ 1505ರ ಜೂನ್‌ನಲ್ಲಿ ಪಶ್ಚಿಮ ನೇಪಾಳ, ಟಿಬೆಟ್ ಗಡಿಯಲ್ಲಿ ಭಾರಿ ಭೂಕಂಪವೊಂದು ಆಗಿತ್ತು.

ಇಲ್ಲಿ ಒಂದು ಸಮಾಧಾನದ ಮಾತು ಅಡ್ಡಬರುತ್ತದೆ. ಉತ್ತರಾಖಂಡದಲ್ಲಿ ಆಗಾಗ ಸಣ್ಣಪುಟ್ಟ ಕಂಪನಗಳು ಆಗುತ್ತಲೇ ಇರುತ್ತವಲ್ಲ, ಶಕ್ತಿಯೆಲ್ಲ ಅದರಲ್ಲೇ ಹೋಗಿಬಿಡುತ್ತದೆ, ದೊಡ್ಡದು ಯಾಕೆ ಬರಬೇಕು? ಓದಿದವರೂ ಹೇಳುವ ಮಾತು ಇದು. ಕೂಡಿಸಿ ಕಳೆದು ನೋಡಿದರೆ ನಿಲ್ಲುವುದಿಲ್ಲ. ತೀವ್ರತೆಯ ಅಂಕಿ ಒಂದು ಮೆಟ್ಟಿಲು ಏರಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ, ಎರಡು ಮೆಟ್ಟಿಲಿಗೆ ಸಾವಿರ ಪಟ್ಟು. 8ರ ಒಂದು ಭೂಕಂಪದ ಶಕ್ತಿಯನ್ನು 6ರ ಭೂಕಂಪಗಳಲ್ಲಿ ಚಿಲ್ಲರೆಯಾಗಿ ತೀರಿಸಬೇಕಾದರೆ ಸಾವಿರ ಬೇಕು. ಐನೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಎರಡರಂತೆ, ಅದೇ ಪ್ರದೇಶದಲ್ಲಿ, ತಪ್ಪದೆ ಆಗಬೇಕು. ವಾಸ್ತವದಲ್ಲಿ 1991ರ ಅಕ್ಟೋಬರಿನ ಉತ್ತರಕಾಶಿ ಭೂಕಂಪಕ್ಕೂ 1999ರ ಮಾರ್ಚಿನ ಚಮೋಲಿ ಭೂಕಂಪಕ್ಕೂ ನಡುವೆ ಏಳು ವರ್ಷ ಮಿಕ್ಕಿ ಅಂತರವಿದೆ. ಎರಡೂ 7ರ ಒಳಗಿನವು. ಮೊದಲನೆಯದೊಂದೇ 768 ಜನರನ್ನು ಬಲಿತೆಗೆದುಕೊಂಡಿತು. ಸಣ್ಣ ಕಂಪನಗಳು ಬಹುಪಾಲು ಆಗುವುದು ಹಿಮಶಿಖರಗಳ ಬುಡದಲ್ಲಿ, ಕಚ್ಚಿಕೊಂಡ ಪಟ್ಟಿ ಮುಗಿದು ಮೆದು ಜಾರಾಟ ಶುರುವಾಗುವ ಅಂಚಿನಲ್ಲಿ. ಅಲ್ಲಿ ಬಿಗಿ ಏರುತ್ತಿದೆ ಎಂಬುದಕ್ಕೇ ಅವು ಸಾಕ್ಷಿ.

ಈ ಸಮಾಧಾನದ ಬೆಲೆ ಏನೆಂದು ಇಟಲಿಯ ಲಾಕ್ವಿಲಾ ಊರಿನವರಿಗೆ ಗೊತ್ತು. ಅಪೆನೈನ್ ಪರ್ವತದ ಆ ಊರಿನಲ್ಲಿ 2009ರ ಮೊದಲ ತಿಂಗಳುಗಳಲ್ಲಿ ನೆಲ ಪದೇಪದೇ ನಡುಗುತ್ತಿತ್ತು. ಶಕ್ತಿ ಹೊರಹೋಗುತ್ತಿರುವುದು ಒಳ್ಳೆಯದೇ ಎಂಬ ಅರ್ಥದ ಮಾತನ್ನು ಅಧಿಕಾರಿಯೊಬ್ಬರು ಟಿ.ವಿ. ಕ್ಯಾಮೆರಾ ಮುಂದೆ ಆಡಿದರು. ಏಪ್ರಿಲ್ 6ರ ನಸುಕಿನಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. ಆರು ವಿಜ್ಞಾನಿಗಳೂ ಆ ಅಧಿಕಾರಿಯೂ ಜೈಲು ಶಿಕ್ಷೆಗೆ ಗುರಿಯಾದರು. ಮೇಲ್ಮನವಿಯಲ್ಲಿ ವಿಜ್ಞಾನಿಗಳು ಖುಲಾಸೆಯಾದರು, ಅಧಿಕಾರಿಯ ಶಿಕ್ಷೆ ಕಡಿಮೆಯಾಯಿತು. ಭೂಕಂಪದ ತಾರೀಖು ಹೇಳಲಿಲ್ಲ ಎಂದು ವಿಜ್ಞಾನಿಗಳನ್ನು ಜೈಲಿಗೆ ಹಾಕಿದರು ಎಂದು ಜಗತ್ತಿನ ಪತ್ರಿಕೆಗಳು ಬರೆದವು. ನ್ಯಾಯಾಲಯದಲ್ಲಿ ಚರ್ಚೆಯಾದದ್ದು, ತಿಳಿದಿದ್ದ ಅಪಾಯವನ್ನು ಕಡಿಮೆ ಮಾಡಿ ಹೇಳಿದರು ಎಂಬ ಆರೋಪ.

ಇತಿಹಾಸದ ದಾಖಲೆ ಸಾಲದ ಕಡೆ ನೆಲವನ್ನೇ ತೋಡಿ ಕೇಳಬೇಕು. ಕಾಲಾ ಅಂಬ್, ಲಾಲ್‌ಢಾಂಗ್, ರಾಮನಗರಗಳಂಥ ಕಡೆ ಅದನ್ನು ಮಾಡಿದ್ದಾರೆ. ಬೆಟ್ಟದ ಬುಡದಲ್ಲಿ, ಹೊಳೆ ಬಯಲಿಗಿಳಿಯುವಲ್ಲಿ, ಹೊಲಗಳ ನಡುವೆ ಆಳೆರಡಾಳು ಎತ್ತರದ ಒಂದು ದಿಣ್ಣೆ ಅಡ್ಡ ಹಾದಿರುತ್ತದೆ. ಊರಿನವರ ದನ ಅದರ ಮೇಲೆ ಮೇಯುತ್ತಿರುತ್ತದೆ. ಆ ದಿಣ್ಣೆಯನ್ನು ಸೀಳಿಕೊಂಡು ಹೋಗುವಂತೆ ಜೆಸಿಬಿಯಿಂದ ಆಳವಾದ ಕಂದಕ ತೋಡುತ್ತಾರೆ. ಗೋಡೆಗಳನ್ನು ಕರಣೆಯಿಂದ ಹೆರೆದು ಒಪ್ಪಮಾಡಿ, ಮೊಳೆ ಬಡಿದು ದಾರ ಎಳೆದು ಮೀಟರ್ ಚೌಕಗಳಾಗಿ ವಿಂಗಡಿಸುತ್ತಾರೆ. ಪ್ರತಿ ಚೌಕದ ಗುಂಡುಕಲ್ಲು, ಮರಳು, ಜೇಡಿಮಣ್ಣನ್ನು ಕಂಡಂತೆ ಗ್ರಾಫ್ ಹಾಳೆಗೆ ಇಳಿಸುತ್ತಾರೆ. ಎಲ್ಲೋ ಒಂದು ಕಡೆ ಕ್ರಮ ಕೆಟ್ಟಿರುತ್ತದೆ: ಕೆಳಗಿರಬೇಕಾದ ಹಳೆಯ ಗುಂಡುಕಲ್ಲಿನ ಪದರ ಓರೆಯಾಗಿ ಮೇಲೇರಿ, ಎಳೆಯ ಮೆಕ್ಕಲು ಮಣ್ಣಿನ ಮೇಲೆ ಮಗುಚಿಕೊಂಡಿರುತ್ತದೆ. ಒಂದು ಭೂಕಂಪದ ಗುರುತು ಅದು. ಅಡಿಯಲ್ಲಿ ಸಿಕ್ಕಿಕೊಂಡ ಮಣ್ಣಿನಿಂದ ಒಂದು ಇದ್ದಿಲ ಚೂರು, ಎಲ್ಲವನ್ನೂ ಮುಚ್ಚಿ ಆಮೇಲೆ ಕೂತ ಪದರದಿಂದ ಇನ್ನೊಂದು ಚೂರು ಆಯ್ದು ಕಾರ್ಬನ್ ಪರೀಕ್ಷೆಗೆ ಕಳಿಸಿದರೆ, ಭೂಕಂಪ ಆ ಎರಡರ ನಡುವೆ ಯಾವಾಗಲೋ ಆಗಿದೆ ಎಂದು ಗೊತ್ತಾಗುತ್ತದೆ. ಒಂದೇ ಏಟಿಗೆ ಹಲವು ಮೀಟರ್ ಜರುಗಿದ ಗುರುತುಗಳು ಇಂಥ ಕಂದಕಗಳಲ್ಲಿ ಸಿಕ್ಕಿವೆ. ಅವು 1505ರವೇ, ಅದಕ್ಕೂ ಹಿಂದಿನವೇ ಎಂಬ ಚರ್ಚೆ ಮುಗಿದಿಲ್ಲ. 13ರಿಂದ 15ನೆಯ ಶತಮಾನದ ನಡುವೆ ಒಂದು ದೊಡ್ಡದು ಆಗಿದೆ ಎಂದು ಬೆಂಗಳೂರಿನಿಂದ ಕೆಲಸ ಮಾಡಿದ ಸಿ.ಪಿ. ರಾಜೇಂದ್ರನ್ ಮತ್ತವರ ಸಂಗಡಿಗರು ವಾದಿಸಿದ್ದಾರೆ. ಇದ್ದಿಲ ಚೂರಿನ ವಯಸ್ಸಿನಲ್ಲಿ ಐವತ್ತು ನೂರು ವರ್ಷದ ಏರುಪೇರು ಸಾಮಾನ್ಯ. ಹೀಗೆ ಹಿಂದಿನ ಭೂಕಂಪದ್ದೇ ವರ್ಷ ಸರಿಯಾಗಿ ಸಿಗದ ವಿದ್ಯೆಯಿಂದ ಮುಂದಿನದರ ತಿಂಗಳು ಕೇಳುತ್ತೇವೆ.

ನನ್ನ ವಾದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ, ಅದನ್ನು ಬಚ್ಚಿಡಬಾರದು. ಖಾಲಿ ಜಾಗದಲ್ಲೇ ಮುಂದಿನ ಭೂಕಂಪ ಆಗುತ್ತದೆ ಎಂಬ ಸಿದ್ಧಾಂತ ಬೇರೆ ಕಡೆ ಮುಗ್ಗರಿಸಿದೆ. ಜಪಾನಿನಲ್ಲಿ ಟೋಕೈ ಕರಾವಳಿ ಖಾಲಿ ಇದೆ, ಅಲ್ಲೇ ಆಗುತ್ತದೆ ಎಂದು 1978ರಲ್ಲಿ ಕಾನೂನನ್ನೇ ಮಾಡಿ ಉಪಕರಣ ಹೂಡಿ ಕಾದರು. 1995ರಲ್ಲಿ ಕೋಬೆ ಉರುಳಿತು, 2011ರಲ್ಲಿ ತೊಹೊಕು ಸುನಾಮಿ ಬಂತು. ಟೋಕೈ ಸುಮ್ಮನೇ ಇದೆ. ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್‌ನಲ್ಲಿ 1993ರೊಳಗೆ ಭೂಕಂಪ ಆಗಿಯೇ ತೀರುತ್ತದೆ ಎಂದಿದ್ದರು. ಅದು 2004ರಲ್ಲಿ, ಯಾವ ಮುನ್ಸೂಚನೆಯನ್ನೂ ಕೊಡದೆ ಬಂತು. ಆದ್ದರಿಂದ ಉತ್ತರಾಖಂಡದಲ್ಲಿ ಇಂದೋ ನಾಳೆಯೋ ಎಂದು ಕೂಗುವುದು ವಿಜ್ಞಾನವಲ್ಲ. ಪ್ರತಿ ಸಲ ದೆಹಲಿಯ ಫ್ಯಾನು ಅಲ್ಲಾಡಿದಾಗ ‘ಮಹಾಪ್ರಳಯಕ್ಕೆ ಕ್ಷಣಗಣನೆ’ ಎಂದು ಪಟ್ಟಿ ಓಡಿಸುವ ಚಾನೆಲ್‌ಗಳು ಜನರನ್ನು ಎಚ್ಚರಿಸುತ್ತಿಲ್ಲ, ಕಿವುಡಾಗಿಸುತ್ತಿವೆ. ಹತ್ತು ಸಲ ತೋಳ ಬಂತೆಂದ ಮೇಲೆ ಹನ್ನೊಂದನೆಯ ಸಲ ಯಾರು ಓಡಿಬರುತ್ತಾರೆ?

ಆದರೆ ಈ ಆಕ್ಷೇಪ ಎಲ್ಲಿಯವರೆಗೆ ಮುಟ್ಟುತ್ತದೆ ಎಂದೂ ನೋಡಬೇಕು. ಟೋಕೈ, ಪಾರ್ಕ್‌ಫೀಲ್ಡ್‌ಗಳಲ್ಲಿ ಸೋತದ್ದು ಕಾಲದ ಲೆಕ್ಕ. ಹಿಮಾಲಯದ 2 ಸೆಂ.ಮೀ. ಸುಳ್ಳಾಗಿಲ್ಲ, ಅದು ಪ್ರತಿವರ್ಷ ಅಳತೆಗೆ ಸಿಗುತ್ತಿದೆ. ಮುಂದಿನ ದೊಡ್ಡದು ಗಢವಾಲದಲ್ಲೇ ಆಗಬೇಕೆಂದಿಲ್ಲ, ಭೂತಾನದಲ್ಲೋ ಕಾಶ್ಮೀರದಲ್ಲೋ ಆಗಬಹುದು. 2015ರಲ್ಲಿ ಹರಿದ ಜಾಗವೂ ನಿಶ್ಚಿಂತೆಯಲ್ಲ: ಆ ಸೀಳು ಕಠ್ಮಂಡುವಿನ ಕೆಳಗೇ ನಿಂತುಬಿಟ್ಟಿತು, ಬಯಲಿನವರೆಗೆ ಬರಲೇ ಇಲ್ಲ. ಕಠ್ಮಂಡುವಿನಿಂದ ದಕ್ಷಿಣಕ್ಕೆ ಇರುವ ಭಾಗ ಇನ್ನೂ ಕಚ್ಚಿಕೊಂಡಿದೆ, ಉತ್ತರದಲ್ಲಿ ಬಿಟ್ಟುಕೊಂಡ ಬಿಗಿಯ ಒಂದು ಪಾಲು ಈಗ ಅದರ ಹೆಗಲಿಗೇರಿದೆ. ಸುಮಾರು 2,400 ಕಿ.ಮೀ. ಉದ್ದದ ಈ ಪರ್ವತಸಾಲಿನಲ್ಲಿ ಯಾವ ಊರಿಗೂ ‘ನಿನಗೆ ಬರುವುದಿಲ್ಲ’ ಎಂದು ಹೇಳಲು ಭೂವಿಜ್ಞಾನದಲ್ಲಿ ಆಧಾರವಿಲ್ಲ. ಖಾಲಿ ಜಾಗದ ಸಿದ್ಧಾಂತವನ್ನು ಪೂರ್ತಿ ಕೈಬಿಟ್ಟರೂ ಕಟ್ಟಡ ಕಟ್ಟುವವರ ಹೊಣೆ ಒಂದು ಗುಲಗಂಜಿಯಷ್ಟೂ ಇಳಿಯುವುದಿಲ್ಲ.

ಮಹಾರಾಷ್ಟ್ರದ ನಮ್ಮ ನೆರೆಯವರ ಕತೆ ಬೇರೆ. ದೇಶದ ಮೊದಲ ಭೂಕಂಪ ವಲಯ ನಕ್ಷೆ 1962ರಲ್ಲಿ ಬಂದಾಗ ಕೊಯ್ನಾ ಇದ್ದದ್ದು ಸೊನ್ನೆ ವಲಯದಲ್ಲಿ. 1967ರ ಡಿಸೆಂಬರಿನಲ್ಲಿ ಅಲ್ಲಿ 6.3ರ ಭೂಕಂಪ ಆಯಿತು, ನಕ್ಷೆ ಬದಲಾಯಿತು. ಕಿಲ್ಲಾರಿ ಇದ್ದದ್ದು ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಬೀದರ್, ಕಲಬುರಗಿಯ ಜನರೂ ಮನೆಯಿಂದ ಹೊರಗೋಡಿ ಬರುವಂತೆ ನೆಲ ನಡುಗಿ ಕಿಲ್ಲಾರಿಯಲ್ಲಿ ಸಾವಿರಾರು ಜನ ಸತ್ತರು, ಆಮೇಲೆ 2002ರ ನಕ್ಷೆಯಲ್ಲಿ ಆ ಒಂದನೆಯ ವಲಯವನ್ನೇ ತೆಗೆದುಹಾಕಿದರು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು, ನಿಜ. ಆದರೂ ದಖ್ಖನ್ನಿನ ಗಟ್ಟಿ ನೆಲದಲ್ಲಿ ‘ನಮಗೆ ಗೊತ್ತಿರಲಿಲ್ಲ’ ಎಂಬ ಮಾತಿಗೆ ಒಂದಿಷ್ಟು ಅರ್ಥವಿತ್ತು. ಹಿಮಾಲಯದಲ್ಲಿ ಆ ಮಾತು ಆಡುವ ಹಕ್ಕು ಯಾರಿಗೂ ಇಲ್ಲ.

ಗೊತ್ತಿದ್ದೂ ಏನಾಗುತ್ತದೆ ಎಂಬುದಕ್ಕೆ ಜೋಶಿಮಠವನ್ನು ನೋಡಬಹುದು. ಅಲ್ಲಿ ಆಗಿದ್ದು ಭೂಕಂಪವಲ್ಲ, ನೆಲ ಕುಸಿತ. ಆದರೆ ತಾರೀಖಿನ ಆಟ ಅದೇ. ಗಢವಾಲದ ಕಮಿಷನರ್ ಎಂ.ಸಿ. ಮಿಶ್ರಾ ಅಧ್ಯಕ್ಷತೆಯ ಸಮಿತಿ 1976ರಲ್ಲೇ ವರದಿ ಕೊಟ್ಟು, ಈ ಪಟ್ಟಣ ಗಟ್ಟಿ ಬಂಡೆಯ ಮೇಲೆ ಕೂತಿಲ್ಲ, ಹಿಂದೆಂದೋ ಕುಸಿದು ಬಿದ್ದ ಕಲ್ಲುಮಣ್ಣಿನ ರಾಶಿಯ ಮೇಲೆ ಕೂತಿದೆ ಎಂದಿತ್ತು. ಭಾರಿ ಕಟ್ಟಡ ಬೇಡ, ಇಳಿಜಾರಿನ ದೊಡ್ಡ ಬಂಡೆಗಳನ್ನು ಕೀಳಬೇಡಿ, ಸಿಡಿಮದ್ದು ಹಾರಿಸಬೇಡಿ, ಮರ ನೆಡಿ, ಚರಂಡಿ ಸರಿಮಾಡಿ ಎಂದು ಬಿಡಿಸಿ ಹೇಳಿತ್ತು. ಯಾವ ವರ್ಷ ಕುಸಿಯುತ್ತದೆ ಎಂದು ಹೇಳಿರಲಿಲ್ಲ. ಹೇಳುವುದು ಸಾಧ್ಯವೂ ಇರಲಿಲ್ಲ. ಹೋಟೆಲುಗಳು ಎದ್ದವು, ರಸ್ತೆ ಅಗಲವಾಯಿತು, ಜಲವಿದ್ಯುತ್ ಸುರಂಗ ಕೊರೆಯತೊಡಗಿದರು. 2023ರ ಜನವರಿಯಲ್ಲಿ ಮನೆಗಳ ಗೋಡೆ ಸೀಳಿದಾಗ ಒಂದರ ಹಿಂದೊಂದು ಹೊಸ ತಜ್ಞರ ತಂಡಗಳು ಬಂದವು. ಹಳೆಯ ವರದಿಗೆ ಆಗ 46 ವರ್ಷ ವಯಸ್ಸಾಗಿತ್ತು.

ತೆಹ್ರಿಯದು ಇನ್ನೂ ಬಿಡಿಸಿ ನೋಡಬೇಕಾದ ಪ್ರಕರಣ. 1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯಲ್ಲಿ ಶುರುವಾದ ಅಪ್ಪಿಕೋ ಚಳವಳಿಗೆ ಸ್ಫೂರ್ತಿಯಾಗಿದ್ದ ಸುಂದರ್‌ಲಾಲ್ ಬಹುಗುಣ ಭಾಗೀರಥಿಯ ದಂಡೆಯಲ್ಲಿ ಕುಳಿತು ದೀರ್ಘ ಉಪವಾಸ ಮಾಡಿದ್ದು ಈ ಅಣೆಕಟ್ಟಿನ ವಿರುದ್ಧ. 260.5 ಮೀಟರ್ ಎತ್ತರದ ಕಟ್ಟೆಯನ್ನು ಎಷ್ಟು ದೊಡ್ಡ ಭೂಕಂಪ ತಡೆಯುವಂತೆ ಕಟ್ಟಬೇಕು ಎಂಬ ಬಗ್ಗೆ ವಿಜ್ಞಾನಿಗಳಲ್ಲೇ ಎರಡು ಬಣವಾದವು. 8ಕ್ಕೂ ಮೇಲಿನದನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಭೂಭೌತ ವಿಜ್ಞಾನಿ ವಿನೋದ್ ಗೌರ್ ಪಟ್ಟುಹಿಡಿದರು. 2003ರಲ್ಲಿ ಸುಪ್ರೀಂ ಕೋರ್ಟ್ ಯೋಜನೆಗೆ ಅಡ್ಡಿಮಾಡಲಿಲ್ಲ, 2006ರಲ್ಲಿ ವಿದ್ಯುತ್ ಹರಿಯಿತು. ಕಲ್ಲುಮಣ್ಣಿನ ಇಂಥ ಕಟ್ಟೆಗಳು ಭೂಕಂಪದಲ್ಲಿ ಉರುಳಿಯೇ ಬೀಳುತ್ತವೆ ಎನ್ನುವುದು ಅತಿರೇಕ. 2008ರಲ್ಲಿ ಚೀನಾದ ಸಿಚುವಾನ್ ಬೆಟ್ಟಗಳಲ್ಲಿ 7.9ರ ಭೂಕಂಪ ಆದಾಗ 156 ಮೀಟರ್ ಎತ್ತರದ ಝಿಪಿಂಗ್‌ಪು ಕಟ್ಟೆ ಜಖಂಗೊಂಡರೂ ನಿಂತಿತು. ಉರುಳಿದ್ದು ಅದರ ಸುತ್ತಲಿನ ಶಾಲೆಗಳು. ಕೋಟ್ಯಂತರ ರೂಪಾಯಿಯ ಕಟ್ಟೆಗೆ ತಜ್ಞರ ಸಮಿತಿ, ಮರುಪರಿಶೀಲನೆ, ಸುಪ್ರೀಂ ಕೋರ್ಟಿನವರೆಗೂ ವಾದ ಎಲ್ಲ ಸಿಗುತ್ತದೆ. ಪಕ್ಕದ ಹಳ್ಳಿಯ ಎರಡು ಕೋಣೆಯ ಶಾಲೆಯನ್ನು ಒಬ್ಬ ಮೇಸ್ತ್ರಿ ತನಗೆ ತಿಳಿದಂತೆ ಕಟ್ಟಿ ಬಿಲ್ಲು ಪಡೆದು ಹೋಗುತ್ತಾನೆ. ಪರಿಸರ ಚಳವಳಿಯೂ ಈ ಎರಡನೆಯದರ ಕಡೆ ಸಾಕಷ್ಟು ಗಮನ ಕೊಡಲಿಲ್ಲ ಎಂದರೆ ತಪ್ಪಾಗಲಾರದು.

1934ರ ಭೂಕಂಪವಾದಾಗ ದಕ್ಷಿಣ ಭಾರತದಲ್ಲಿ ಹರಿಜನ ಯಾತ್ರೆಯಲ್ಲಿದ್ದ ಗಾಂಧೀಜಿ, ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಇದು ಎಂದರು. ಇಂಥ ಅವೈಜ್ಞಾನಿಕ ಮಾತು ನಿಮ್ಮಿಂದ ಬರಬಾರದಿತ್ತು ಎಂದು ರವೀಂದ್ರನಾಥ ಟ್ಯಾಗೋರ್ ಬಹಿರಂಗವಾಗಿ ವಿರೋಧಿಸಿದರು. ಆ ವಿರೋಧವನ್ನು ಗಾಂಧೀಜಿ ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚುಹಾಕಿದರು. ನಾನು ಟ್ಯಾಗೋರರ ಪಕ್ಷ. ಆದರೆ ಸತ್ತವರ ಲೆಕ್ಕಕ್ಕೂ ಬದುಕಿರುವವರ ನಡತೆಗೂ ಸಂಬಂಧವಿದೆ ಎಂಬ ಗಾಂಧೀಜಿಯ ಹಟವನ್ನು ಬೇರೆ ದಾರಿಯಿಂದ ಒಪ್ಪಬೇಕಾಗುತ್ತದೆ. ನೆಲ ನಡುಗುವುದಕ್ಕೆ ನಾವು ಕಾರಣರಲ್ಲ. ಶಾಲೆ ಬೀಳುವುದಕ್ಕೆ ಕಾರಣರು.

2005ರ ಅಕ್ಟೋಬರ್ 8 ಒಂದು ಶನಿವಾರ. ಬೆಳಗ್ಗೆ ಪಾಕಿಸ್ತಾನ ಆಡಳಿತದ ಕಾಶ್ಮೀರದಲ್ಲಿ, ಅದರ ಪಕ್ಕದ ಬಾಲಾಕೋಟ್‌ನಲ್ಲಿ ಮಕ್ಕಳು ತರಗತಿಯಲ್ಲಿ ಕುಳಿತಿದ್ದ ಹೊತ್ತಿಗೆ 7.6ರ ಭೂಕಂಪ ಆಯಿತು. ಶಾಲೆಗಳ ಕಾಂಕ್ರೀಟ್ ತಾರಸಿಗಳು ಇಡಿಯಾಗಿ ಕೆಳಗಿಳಿದವು, ಸಾವಿರಾರು ಮಕ್ಕಳು ಸತ್ತರು. 2015ರ ಏಪ್ರಿಲ್ 25 ಕೂಡ ಶನಿವಾರ, ಮಧ್ಯಾಹ್ನಕ್ಕೆ ನಾಲ್ಕು ನಿಮಿಷ ಬಾಕಿ. ನೇಪಾಳದಲ್ಲಿ ವಾರದ ರಜೆ ಶನಿವಾರ. ಅಲ್ಲಿಯೂ ಸಾವಿರಾರು ಶಾಲಾ ಕಟ್ಟಡಗಳು ಬಿದ್ದವು, ಒಳಗೆ ಮಕ್ಕಳಿರಲಿಲ್ಲ. ಎರಡು ದೇಶಗಳ ಸಾವಿನ ಲೆಕ್ಕದ ನಡುವೆ ನಿಂತದ್ದು ರಜೆಯ ಪಟ್ಟಿ. ಇಷ್ಟರ ನಡುವೆ ಕಠ್ಮಂಡು ಕಣಿವೆಯಲ್ಲಿ, ರಾಷ್ಟ್ರೀಯ ಭೂಕಂಪ ತಂತ್ರಜ್ಞಾನ ಸಂಘ ಎಂಬ ಸಂಸ್ಥೆ ಹಿಂದಿನ ವರ್ಷಗಳಲ್ಲಿ ಬಲಪಡಿಸಿದ್ದ ಶಾಲೆಗಳು ನಿಂತಿದ್ದವು. ಕೆಲವಕ್ಕೆ ಗೀರು ಬಿರುಕು ಬಿಟ್ಟಿದ್ದಷ್ಟೇ. ಆ ಶಾಲೆಗಳನ್ನು ಬಲಪಡಿಸಿದವರಿಗೂ ತಾರೀಖು ಗೊತ್ತಿರಲಿಲ್ಲ.

ಹಳಬರು ಇದಕ್ಕೆ ಏನು ಮಾಡುತ್ತಿದ್ದರು ಎಂದು ಹಿಮಾಚಲದ ಕಾಠ್‌ಕುಣಿ ಮನೆಗಳಲ್ಲಿ ನೋಡಬಹುದು. ಗೋಡೆಯ ಒಳಮೈ ಹೊರಮೈ ಎರಡರಲ್ಲೂ ಉದ್ದುದ್ದ ದೇವದಾರು ತೊಲೆಗಳನ್ನು ಹಾಸಿ, ನಡುವೆ ಕಲ್ಲು ಜೋಡಿಸಿ, ಅದರ ಮೇಲೆ ಮತ್ತೆ ತೊಲೆ, ಮತ್ತೆ ಕಲ್ಲು. ಮೂಲೆಯಲ್ಲಿ ಎರಡೂ ಗೋಡೆಯ ತೊಲೆಗಳು ಒಂದರ ಮೇಲೊಂದು ಅಡ್ಡಬಿದ್ದು ಹೆಣೆದುಕೊಳ್ಳುತ್ತವೆ. ಗಾರೆ ಹಾಕುವುದಿಲ್ಲ. ನೆಲ ನಡುಗಿದರೆ ಕಲ್ಲುಗಳು ಒಂದಿಷ್ಟು ಕದಲಿ, ಉಜ್ಜಿ, ಮತ್ತೆ ಕೂರುತ್ತವೆ. ಉತ್ತರಕಾಶಿ ಜಿಲ್ಲೆಯ ಕೋಟಿ ಬನಾಲ್ ಕಡೆ ಹೀಗೆ ಮರ–ಕಲ್ಲಿನಲ್ಲಿ ಕಟ್ಟಿದ ನಾಲ್ಕೈದು ಅಂತಸ್ತಿನ ಮನೆಗಳು ಶತಮಾನಗಳಿಂದ ನಿಂತಿವೆ. ಇದನ್ನು ನೋಡಿ ಹಿಂದಿನದೆಲ್ಲ ಚಿನ್ನ ಎಂದು ಹಾಡುವುದೂ ಬೇಡ. 1991ರಲ್ಲಿ ಅದೇ ಜಿಲ್ಲೆಯಲ್ಲಿ ಬಹುಪಾಲು ಜನ ಸತ್ತದ್ದು ಮಣ್ಣಿನಲ್ಲಿ ಕಾಡುಗಲ್ಲು ಕೂರಿಸಿ ಕಟ್ಟಿದ ದಪ್ಪ ಗೋಡೆ, ಭಾರವಾದ ಚಾವಣಿಯ ಮನೆಗಳಲ್ಲಿ. ಅವೂ ಹಳೆಯ ಪದ್ಧತಿಯವೇ, ಬಡವರ ಪದ್ಧತಿ. ದೇವದಾರು ಕೈಗೆಟುಕುವವರಿಗೆ ಮಾತ್ರ ಕಾಠ್‌ಕುಣಿ ಒದಗಿತ್ತು. ಈಗ ಮರ ಕಡಿಯಲು ಅರಣ್ಯ ಇಲಾಖೆ ಬಿಡುವುದಿಲ್ಲ, ಬಿಟ್ಟರೆ ಕಾಡು ಉಳಿಯುವುದಿಲ್ಲ.

ಆ ತೊಲೆಗಳು ಮಾಡುತ್ತಿದ್ದ ಕೆಲಸವನ್ನು ಈಗ ಲಿಂಟೆಲ್ ಬ್ಯಾಂಡ್ ಮಾಡುತ್ತದೆ. ಕಿಟಕಿ ಬಾಗಿಲುಗಳ ತಲೆಯ ಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಸುತ್ತುವರಿದು, ಎಲ್ಲೂ ತುಂಡಾಗದೆ ಹೋಗುವ, ಒಂದು ಗೇಣಿಗಿಂತ ಕಡಿಮೆ ದಪ್ಪದ ಕಾಂಕ್ರೀಟ್ ಪಟ್ಟಿ. ಒಳಗೆ ಎರಡೋ ನಾಲ್ಕೋ ಸರಳು. ಗೋಡೆಗಳು ಬೇರೆಬೇರೆಯಾಗಿ ಹೊರಕ್ಕೆ ಮಲಗದಂತೆ ಅದು ಹಿಡಿದಿಡುತ್ತದೆ. 1960ರಲ್ಲಿ ಜೈ ಕೃಷ್ಣ ಅವರ ಮುಂದಾಳುತನದಲ್ಲಿ ರೂರ್ಕಿಯಲ್ಲಿ ಭೂಕಂಪ ಎಂಜಿನಿಯರಿಂಗ್ ಶಾಲೆ ಶುರುವಾದಾಗಿನಿಂದ ನಮ್ಮವರು ಇದನ್ನು ಹೇಳುತ್ತಲೇ ಬಂದಿದ್ದಾರೆ. ಭಾರತೀಯ ಮಾನಕ ಬ್ಯೂರೋದ ಸಂಹಿತೆಯಲ್ಲಿದೆ. ಹಳ್ಳಿಯ ಮೇಸ್ತ್ರಿಗಳು ಕಿಟಕಿ ಇರುವಷ್ಟಕ್ಕೆ ಲಿಂಟೆಲ್ ಹಾಕಿ ಅಲ್ಲಿಗೇ ನಿಲ್ಲಿಸುತ್ತಾರೆ, ಉಳಿದ ಗೋಡೆಗೆ ಮುಂದುವರಿಸುವುದಿಲ್ಲ. ಪ್ಲಾಸ್ಟರ್ ಆದ ಮೇಲೆ ಇದೆಯೋ ಇಲ್ಲವೋ ಯಾರಿಗೂ ಕಾಣುವುದಿಲ್ಲ.

ನೇಪಾಳ 2015ರ ನಂತರ ಈ ಕಾಣದಿರುವುದಕ್ಕೆ ಒಂದು ಉಪಾಯ ಹುಡುಕಿತು. ಮನೆ ಕಳೆದುಕೊಂಡವರಿಗೆ ಕೊಟ್ಟ 3 ಲಕ್ಷ ನೇಪಾಳಿ ರೂಪಾಯಿಯನ್ನು 50 ಸಾವಿರ, ಒಂದೂವರೆ ಲಕ್ಷ, ಒಂದು ಲಕ್ಷದ ಮೂರು ಕಂತು ಮಾಡಿತು. ಎಂಜಿನಿಯರ್ ಬಂದು ಆಯಾ ಹಂತದ ಕೆಲಸ ನೋಡಿ ಒಪ್ಪಿದ ಮೇಲೆ ಮುಂದಿನ ಕಂತು. ತಕರಾರು ಬಂದವು, ತಡವಾಯಿತು, ಸಾಲ ಮಾಡಿ ಕಟ್ಟಿದವರೂ ಇದ್ದರು. ಆದರೂ ಬ್ಯಾಂಡ್ ಹಾಕುವುದು ಲಕ್ಷಾಂತರ ಮನೆಗಳಲ್ಲಿ ರೂಢಿಯಾಯಿತು. ನಮ್ಮಲ್ಲಿ ಇಂಥದ್ದಕ್ಕೆ ಭೂಕಂಪ ಆಗುವವರೆಗೆ ಕಾಯಬೇಕಾಗಿಲ್ಲ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಗುಡ್ಡಗಾಡು ರಾಜ್ಯಗಳ ಫಲಾನುಭವಿಗೆ 1.30 ಲಕ್ಷ ರೂಪಾಯಿ ಕಂತಿನಲ್ಲೇ ಬರುತ್ತದೆ, ಕಟ್ಟಡದ ಹಂತಹಂತದ ಫೋಟೊವನ್ನು ಜಾಗದ ಗುರುತಿನೊಂದಿಗೆ ಮೊಬೈಲಿನಲ್ಲಿ ತೆಗೆದು ಅಪ್‌ಲೋಡ್ ಮಾಡಿದ ಮೇಲೆಯೇ ಹಣ ಬಿಡುಗಡೆ. ಆ ಫೋಟೊಗಳಲ್ಲಿ ಒಂದು, ಕಾಂಕ್ರೀಟ್ ಸುರಿಯುವ ಮುಂಚೆ ಸರಳು ನಾಲ್ಕೂ ಗೋಡೆ ಸುತ್ತಿ ಮೂಲೆಯಲ್ಲಿ ಮಡಚಿಕೊಂಡಿರುವುದನ್ನು ತೋರಿಸಲೇಬೇಕು ಎಂಬ ನಿಯಮ ತರುವುದಕ್ಕೆ ಉತ್ತರಾಖಂಡಕ್ಕೋ ಹಿಮಾಚಲಕ್ಕೋ ಯಾವ ಹೊಸ ಸಮಿತಿಯೂ ಬೇಕಿಲ್ಲ. ಸರಳು, ಸಿಮೆಂಟಿನ ಹೆಚ್ಚುವರಿ ಖರ್ಚನ್ನು ಕಂತಿಗೆ ಸೇರಿಸಿಕೊಡಬೇಕು, ಇಲ್ಲದಿದ್ದರೆ ಬಡವನ ಮೇಲೆ ಮತ್ತೊಂದು ಹೊರೆಯಾಗುತ್ತದೆ. ಶಾಲೆ, ಆಸ್ಪತ್ರೆಗಳ ಬಿಲ್ಲಿಗೂ ಅದೇ ಫೋಟೊ ಲಗತ್ತಿಸಲಿ.